ಹಂಡೆ, ಬಂಬ ಮತ್ತು ನಮ್ಮ ಥರ್ಮೋಡೈನಾಮಿಕ್ಸ್

ಕಳೆದ ಡಿಸೆಂಬರ್‌ನಲ್ಲಿ ಒಂದು ಬೆಳಿಗ್ಗೆ ಹಾಸ್ಟೆಲ್‌ನಲ್ಲಿ ಕರೆಂಟ್ ಹೋಯ್ತು. ಅವತ್ತೇ ಇಂಟರ್ನಲ್ಸ್. ತಣ್ಣೀರಿನ ಬಕೆಟ್ ಮುಂದೆ ನಿಂತಾಗ ನಮ್ಮ ರೂಮಿನ ಮೂವರಿಗೂ ಮನೆಯ ಬಚ್ಚಲು ನೆನಪಾಯ್ತು. ನಮ್ಮಲ್ಲಿ ಒಬ್ಬರದು ಆಳಂದ, ಒಬ್ಬರದು ಅಫಜಲಪುರ, ಇನ್ನೊಬ್ಬರದು ಜೇವರ್ಗಿ. ಯಾರ ಮನ್ಯಾಗ ನೀರು ಲಗೂ ಕಾಯ್ತದ ಅಂತ ವಾದ ಶುರುವಾಯ್ತು. ರಜೆಗೆ ಊರಿಗೆ ಹೋದಾಗ ಮೂವರೂ ನಮ್ಮ ನಮ್ಮ ಒಲೆ ಮುಂದೆ ಕೂತು ನೋಡಿದೆವು. ನಮಗೆ ತಿಳಿದಷ್ಟು ಇಲ್ಲಿದೆ.

ಮೊದಲು ಲೆಕ್ಕ

ಒಬ್ಬರ ಸ್ನಾನಕ್ಕೆ 15 ಲೀಟರ್ ನೀರು ಅಂದುಕೊಳ್ಳೋಣ. 20 ಡಿಗ್ರಿ ಇದ್ದದ್ದನ್ನು 45 ಡಿಗ್ರಿಗೆ ತರಬೇಕು. 15 × 4.2 × 25, ಅಂದರೆ 1575 ಕಿಲೋಜೂಲ್. 1500 ವ್ಯಾಟ್ ರಾಡ್‌ಗೆ ಇದು ಹದಿನೇಳೂವರೆ ನಿಮಿಷದ ಕೆಲಸ. ಒಂದು ಕಿಲೋ ಒಣ ಕಟ್ಟಿಗೆಯಲ್ಲಿ ಸುಮಾರು 15,000 ಕಿಲೋಜೂಲ್ ಇರುತ್ತದೆ. ಹಾಗಾದರೆ 105 ಗ್ರಾಂ ಸಾಕು, ಒಂದು ಹಿಡಿ ತೊಗರಿ ಕಟಗಿ! ಆದರೆ ಮೂರು ಕಲ್ಲಿನ ಒಲೆಯಲ್ಲಿ ನೂರಕ್ಕೆ ಹತ್ತು-ಹದಿನೈದು ಪಾಲು ಶಾಖ ಮಾತ್ರ ನೀರಿಗೆ ಸೇರುತ್ತದೆ. ಹಂಗಾಗಿ ಬಕೆಟ್‌ಗೆ ಮುಕ್ಕಾಲರಿಂದ ಒಂದು ಕಿಲೋ ಬೇಕು. ಉಳಿದ ಶಾಖ ಎಲ್ಲಿ ಹೋಯ್ತು? ಹೊಗೆಯ ಜೊತೆ ಹೊರಗೆ.

ಜೇವರ್ಗಿಯ ಹಂಡೆ

ಇಲ್ಲಿ ಹಂಡೆಯನ್ನು ಮಣ್ಣಿನ ಒಲೆಯಲ್ಲಿ ಖಾಯಂ ಕೂಡಿಸಿದ್ದಾರೆ. ಸುತ್ತಲೂ ಮಣ್ಣು ಇರುವುದರಿಂದ ಉರಿ ಗಾಳಿಗೆ ಚದುರದೆ ತಳಕ್ಕೇ ತಾಗುತ್ತದೆ. ಕೆಳಗೆ ಕಾದ ನೀರು ಹಗುರಾಗಿ ಮೇಲೆ ಬರುತ್ತದೆ, ಮೇಲಿನ ತಣ್ಣೀರು ಕೆಳಗಿಳಿಯುತ್ತದೆ. ಯಾರೂ ತಿರುವಬೇಕಾಗಿಲ್ಲ. ರಾಡ್ ಅನ್ನು ಬಕೆಟ್‌ನ ಮೇಲ್ಭಾಗದಲ್ಲಷ್ಟೇ ಇಳಿಬಿಟ್ಟರೆ ತಳದ ನೀರು ತಣ್ಣಗೇ ಉಳಿಯುವುದು ಯಾಕೆ ಅಂತ ಈಗ ಗೊತ್ತಾಯ್ತಲ್ಲ?

"ತಾಮ್ರದ್ದಿತ್ತಂದ್ರ ಇನ್ನೂ ಲಗೂ ಕಾಯ್ತಿತ್ತು" ಅಂದರು ಆಯಿ. ನಾವೂ ಹೌದೆಂದೆವು. ತಾಮ್ರದ ಉಷ್ಣವಾಹಕತೆ ಸುಮಾರು 400, ಸ್ಟೇನ್‌ಲೆಸ್ ಸ್ಟೀಲ್‌ನದು ಬರೀ 15. ಆದರೆ ವಾಪಸ್ ಬಂದು ಲೆಕ್ಕ ಹಾಕಿದಾಗ ಬೇರೆಯೇ ಉತ್ತರ ಬಂತು. ಬಿಸಿ ಹೊಗೆಯಿಂದ ಲೋಹಕ್ಕೆ ಶಾಖ ದಾಟುವಲ್ಲೇ ದೊಡ್ಡ ತಡೆ ಇದೆ. ಒಂದು ಮಿಲಿಮೀಟರ್ ಸ್ಟೀಲ್ ತಗಡಿನ ತಡೆಗಿಂತ ಅದು ನೂರಾರು ಪಟ್ಟು ಹೆಚ್ಚು. ಅಂದರೆ ಲೋಹ ಯಾವುದು ಅನ್ನುವುದಕ್ಕಿಂತ, ಹೊಗೆ ಎಷ್ಟು ಜಾಗಕ್ಕೆ, ಎಷ್ಟು ಹೊತ್ತು ತಾಗುತ್ತದೆ ಅನ್ನುವುದೇ ಮುಖ್ಯ. ಆಯಿಗೆ ಇದನ್ನು ಇನ್ನೂ ಹೇಳಿಲ್ಲ.

ಆಳಂದದ ಬಂಬ

ಬಂಬ ಈ ಮಾತನ್ನು ಮೊದಲೇ ತಿಳಿದುಕೊಂಡಂತಿದೆ. ಇಲ್ಲಿ ನೀರಿನ ಕೆಳಗೆ ಬೆಂಕಿ ಅಲ್ಲ, ನೀರಿನ ನಡುವೆ ಬೆಂಕಿ. ತಾಮ್ರದ ಉದ್ದ ಪಾತ್ರೆ, ಅದರ ಮಧ್ಯೆ ಕೊಳವೆ, ಕೆಳಗೆ ಜಾಳಿಗೆ. ಕೊಳವೆಗೆ ಇದ್ದಿಲೋ ಕಟ್ಟಿಗೆ ಚೂರೋ ಹಾಕಿ ಹೊತ್ತಿಸುತ್ತಾರೆ. ಬಿಸಿಗಾಳಿ ಮೇಲೇರುತ್ತಾ ಕೆಳಗಿನಿಂದ ಹೊಸ ಗಾಳಿ ಎಳೆಯುತ್ತದೆ. ಹೋಗುವ ದಾರಿಯುದ್ದಕ್ಕೂ ಸುತ್ತಲಿನ ನೀರಿಗೆ ಶಾಖ ಕೊಡುತ್ತದೆ. ನಾವು ಕ್ಲಾಸಿನಲ್ಲಿ ಚಿತ್ರ ಬರೆಯುವ ಫೈರ್ ಟ್ಯೂಬ್ ಬಾಯ್ಲರ್ ಇದೇ!

ಇನ್ನೊಂದು ಜಾಣತನ ನೋಡ್ರಿ. ಬಂಬದ ಆಲಿಕೆಗೆ ಒಂದು ತಂಬಿಗೆ ತಣ್ಣೀರು ಹಾಕಿದರೆ ಅದು ತಳಕ್ಕೆ ಹೋಗುತ್ತದೆ, ಅಷ್ಟೇ ಬಿಸಿನೀರು ಮೇಲಿನ ಬಾಯಿಂದ ಹೊರಬರುತ್ತದೆ. ಪಂಪ್ ಇಲ್ಲ, ವಾಲ್ವ್ ಇಲ್ಲ. ಆಲಿಕೆ ಸದಾ ತೆರೆದೇ ಇರುವುದರಿಂದ ಒಳಗೆ ಪ್ರೆಶರ್ ಏರುವುದಿಲ್ಲ. ಅದನ್ನು ಮಾತ್ರ ಯಾವತ್ತೂ ಮುಚ್ಚಬಾರದು. ನೀರಿಲ್ಲದೆ ಬೆಂಕಿ ಹಾಕಿದರೆ ಬೆಸುಗೆ ಬಿಡುತ್ತದೆ.

ಅಫಜಲಪುರದ ಬೂದಿ

ಇಲ್ಲಿ ಅವ್ವ ರಾತ್ರಿ ಕೆಂಡದ ಮೇಲೆ ಬೂದಿ ಎಳೆದು ಮಲಗುತ್ತಾರೆ. ಬೂದಿ ಗಾಳಿಯನ್ನು ಕಡಿಮೆ ಮಾಡುತ್ತದೆ, ಶಾಖವನ್ನೂ ಹಿಡಿದಿಡುತ್ತದೆ. ಕೆಂಡ ಸಾಯುವುದಿಲ್ಲ, ಉರಿಯುವುದೂ ಇಲ್ಲ. ಬೆಳಿಗ್ಗೆ ಕೆದಕಿ ನಾಲ್ಕು ತೊಗರಿ ಕಟಗಿ ಇಟ್ಟರೆ ಮುಗೀತು. ಕಟಗಿ ತೆಳ್ಳಗಿರುವುದರಿಂದ ತೂಕಕ್ಕೆ ಹೋಲಿಸಿದರೆ ಗಾಳಿ ತಾಗುವ ಮೈ ಜಾಸ್ತಿ, ತಕ್ಷಣ ಹೊತ್ತುತ್ತದೆ. 'ಬೂದಿ ಮುಚ್ಚಿದ ಕೆಂಡ' ಅಂತ ಇಷ್ಟು ದಿನ ಸುಮ್ಮನೆ ಪರೀಕ್ಷೆಯಲ್ಲಿ ಬರೆಯುತ್ತಿದ್ದೆವು, ಕಣ್ಣಾರೆ ನೋಡಿದ್ದು ಈಗಲೇ.

ಆದರೆ ಒಲೆ ಮುಂದೆ ಹತ್ತು ನಿಮಿಷ ಕೂತರೆ ನಮ್ಮ ಕಣ್ಣಲ್ಲಿ ನೀರು. ಅವ್ವ ಇದನ್ನು ದಿನಾ ಮಾಡುತ್ತಾರೆ, ದಿನಾ ಕೆಮ್ಮುತ್ತಾರೆ. ಆ ಬಚ್ಚಲಿಗೆ ಹೊಗೆಗೂಡು ಇಲ್ಲ. ಹೊಗೆ ಅಂದರೆ ಪೂರ್ತಿ ಉರಿಯದ ಇಂಧನ. ನಮ್ಮ 105 ಗ್ರಾಂ ಲೆಕ್ಕದಲ್ಲಿ ಈ ಕೆಮ್ಮು ಎಲ್ಲೂ ಇರಲಿಲ್ಲ.

ಇದ್ದಿಲಿಗೆ ಹೊಗೆ ಕಡಿಮೆ, ಹಾಗಂತ ಬಂಬವನ್ನು ಬಚ್ಚಲೊಳಗಿಟ್ಟು ಬಾಗಿಲು ಹಾಕಿಕೊಂಡರೆ ಇನ್ನೂ ಅಪಾಯ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಕಿಟಕಿ ಇಲ್ಲದ ಬಚ್ಚಲಿನ ಗ್ಯಾಸ್ ಗೀಸರ್‌ಗೂ ಇದೇ ಮಾತು. ಪಿಜಿಯಲ್ಲಿರುವವರು ಇವತ್ತೇ ಒಮ್ಮೆ ನೋಡಿಕೊಳ್ರಿ.

ಹೊಗೆ ಕಡಿಮೆ ಮಾಡುವ ಒಲೆ ಹೊಸ ವಿಚಾರವೇನಲ್ಲ. ಬೆಂಗಳೂರಿನ ಐಐಎಸ್‌ಸಿಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು ಶುರುಮಾಡಿದ 'ಅಸ್ತ್ರ' ಕೇಂದ್ರದಿಂದಲೇ ಅಸ್ತ್ರ ಒಲೆ ಬಂತು. ಮುಚ್ಚಿದ ಉರಿಗೂಡು, ಜಾಳಿಗೆ, ಹೊಗೆಕೊಳವೆ ಇರುವ ಒಲೆ ಅದು.

ಯಾರ ಮನೆ ನೀರು ಲಗೂ ಕಾಯ್ತದ ಅನ್ನುವ ವಾದ ಇನ್ನೂ ಮುಗಿದಿಲ್ಲ. ಮುಂದಿನ ರಜೆಯಲ್ಲಿ ಮೂವರೂ ಸೇರಿ ಅಫಜಲಪುರದ ಬಚ್ಚಲಿಗೆ ಒಂದು ಹೊಗೆಕೊಳವೆ ಕೂಡಿಸಬೇಕು ಅಂತಿದ್ದೇವೆ. ಎತ್ತರ ಎಷ್ಟಿರಬೇಕು, ವ್ಯಾಸ ಎಷ್ಟು? ಮೆಕ್ಯಾನಿಕಲ್ ಸೀನಿಯರ್ಸ್ ಯಾರಾದರೂ ಹೇಳಿಕೊಟ್ರೆ ಉಪಕಾರ ಆಗ್ತದ.