ಚಿತ್ರ ಬಗ್ಗಿಸುವ ಟಿ.ವಿ.

ಹೊರಗಿನಿಂದ ನೋಡಿದರೆ ಅದೊಂದು ಸಾಧಾರಣ ಕಪ್ಪು-ಬಿಳುಪು ಟಿ.ವಿ. ವಿಶೇಷವೆಲ್ಲ ಹಿಂದುಗಡೆ. ಪಿಕ್ಚರ್ ಟ್ಯೂಬಿನ ಕುತ್ತಿಗೆಗೆ, ಕಂಪನಿಯವರು ಕೂರಿಸಿದ ಸುರುಳಿಯ ಜೊತೆಗೆ, ತಾಮ್ರದ ತಂತಿಯ ಇನ್ನಷ್ಟು ಸುರುಳಿ ಸುತ್ತಿದ್ದಾರೆ. ಅವುಗಳ ತುದಿಗಳು ಹೋಗಿ ಸೇರುವುದು ಹಾಡು ಕೇಳಲು ಬಳಸುವಂಥ ಆಂಪ್ಲಿಫೈಯರ್‌ಗಳಿಗೆ. ಹೆಸರು ವಾಬ್ಯುಲೇಟರ್. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ, ಸಸ್ಕ್ವೆಹಾನಾ ನದಿ ದಂಡೆಯ ಒವೀಗೋ ಎಂಬ ಸಣ್ಣ ಊರಿನ ಎಕ್ಸ್‌ಪೆರಿಮೆಂಟಲ್ ಟೆಲಿವಿಷನ್ ಸೆಂಟರಿಗೆ ಕಲಾವಿದರು ಹುಡುಕಿಕೊಂಡು ಬರುತ್ತಿದ್ದದ್ದು ಇಂಥ ಯಂತ್ರಗಳಿಗಾಗಿ.

ಹಳೆಯ ಕಪ್ಪು-ಬಿಳುಪು ಟಿ.ವಿ.ಯಲ್ಲಿ ಚಿತ್ರ ಮೂಡುವುದು ಒಂದೇ ಒಂದು ಎಲೆಕ್ಟ್ರಾನ್ ಕಿರಣದಿಂದ. ಅದು ಪರದೆಯ ಮೇಲೆ ಎಡದಿಂದ ಬಲಕ್ಕೆ, ಮೇಲಿಂದ ಕೆಳಕ್ಕೆ ಗೆರೆ ಎಳೆಯುತ್ತ ಹೋಗುತ್ತದೆ. ಸುರುಳಿಯ ಕಾಂತಕ್ಷೇತ್ರ ಅದನ್ನು ದಾರಿ ತಪ್ಪದಂತೆ ನಡೆಸುತ್ತದೆ. ಹೆಚ್ಚುವರಿ ಸುರುಳಿಗಳ ಕೆಲಸ ದಾರಿ ತಪ್ಪಿಸುವುದು. ಅಮೆರಿಕದ ಟಿ.ವಿ. ಸೆಕೆಂಡಿಗೆ 60 ಸಲ ಮೇಲಿಂದ ಕೆಳಕ್ಕೆ ಗೀಚುತ್ತದೆ. ಸುರುಳಿಗೆ ಅದಕ್ಕಿಂತ ತೀರಾ ನಿಧಾನದ ಕಂಪನ ಕೊಟ್ಟರೆ ಇಡೀ ಚಿತ್ರ ತೂಗಾಡುತ್ತದೆ. ಕಂಪನವನ್ನು 60ರ ಮಡಿಗಳಿಗೆ ಏರಿಸಿದರೆ ಚಿತ್ರದೊಳಗೇ ಅಲೆಗಳು ಎದ್ದು ಹಾಗೇ ನಿಲ್ಲುತ್ತವೆ. ನಾಬನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸಿದರೆ ಸಾಕು, ನಿಂತ ಅಲೆ ನಿಧಾನವಾಗಿ ಜಾರತೊಡಗುತ್ತದೆ. ಮನುಷ್ಯನ ಮುಖವೊಂದು ಉದ್ದವಾಗಿ, ಮಡಚಿಕೊಂಡು, ಸುರುಳಿ ಸುತ್ತಿಕೊಂಡು, ಕೊನೆಗೆ ಬರೀ ಬೆಳಕಿನ ದಾರವಾಗಿ ಉಳಿಯುತ್ತದೆ. ಕತ್ತರಿ ಬಿದ್ದಿಲ್ಲ, ಜೋಡಣೆ ಆಗಿಲ್ಲ. ಎಲ್ಲ ಕಣ್ಣೆದುರೇ, ಆಗಿಂದಾಗಲೇ.

ನಮ್ಮ ಮನೆಗಳಲ್ಲಿ ದೂರದರ್ಶನದ ಕಾಲಕ್ಕೆ ಚಿತ್ರ ಉರುಳತೊಡಗಿದರೆ ವರ್ಟಿಕಲ್ ಹೋಲ್ಡ್ ತಿರುಗಿಸಿ ನಿಲ್ಲಿಸುವವರೆಗೂ ಯಾರಿಗೂ ಸಮಾಧಾನ ಇರುತ್ತಿರಲಿಲ್ಲ. ಒವೀಗೋದವರು ಅದೇ ಕಾಯಿಲೆಯನ್ನು ಬೇಕೆಂದೇ ಬರಿಸಿಕೊಂಡರು.

ಇನ್ನೊಂದು ಸ್ವಾರಸ್ಯವಿದೆ. ಬಾಗಿದ ಈ ಚಿತ್ರ ಇರುವುದು ಟ್ಯೂಬಿನ ಗಾಜಿನ ಮೇಲೆ ಮಾತ್ರ. ಅದನ್ನು ತಂತಿ ಮೂಲಕ ರೆಕಾರ್ಡರಿಗೆ ಕಳಿಸಲಾಗದು. ಹಾಗಾಗಿ ಪರದೆಯ ಮುಂದೆ ಮತ್ತೊಂದು ಕ್ಯಾಮೆರಾ ಇಟ್ಟು ಮರುಚಿತ್ರಣ ಮಾಡಲೇಬೇಕು. ಆಮೇಲೆ ಕಲರೈಸರ್ ಸರದಿ: ಅದು ಕಪ್ಪು-ಬಿಳುಪಿನ ನಡುವಿನ ಒಂದೊಂದು ಬೂದು ಛಾಯೆಗೂ ಬೇರೆ ಬೇರೆ ಬಣ್ಣ ಹಚ್ಚುತ್ತದೆ.

ವಾಬ್ಯುಲೇಟರಿನ ಮೂಲಪುರುಷ ಕೊರಿಯಾ ಮೂಲದ ನಾಮ್ ಜೂನ್ ಪೈಕ್. ಸಂಗೀತ ಕಲಿತವರು, ಟಿ.ವಿ.ಗೆ ಕೈಹಾಕಿದರು. 1963ರಲ್ಲಿ ಜರ್ಮನಿಯ ವುಪ್ಪರ್ಟಾಲ್‌ನಲ್ಲಿ ಕೆಡಿಸಿದ ಟಿ.ವಿ.ಗಳನ್ನೇ ಪ್ರದರ್ಶನಕ್ಕಿಟ್ಟರು. 1965ರಲ್ಲಿ ಟಿ.ವಿ.ಯ ತಲೆ ಮೇಲೆ ದೊಡ್ಡ ಅಯಸ್ಕಾಂತ ಹೊರಿಸಿದರು. ಜಪಾನಿನ ಎಂಜಿನಿಯರ್ ಶುಯಾ ಆಬೆ ಜೊತೆ ಸೇರಿ ವಿಡಿಯೊ ಸಿಂಥಸೈಜರ್ ಕಟ್ಟಿ, 1970ರಲ್ಲಿ ಬಾಸ್ಟನ್ನಿನ ಟಿ.ವಿ. ಕೇಂದ್ರದಿಂದ ನಾಲ್ಕು ಗಂಟೆ ನೇರಪ್ರಸಾರ ನಡೆಸಿದರು.

ಸೆಂಟರನ್ನು ಕಟ್ಟಿದವರು ಬಿಂಗಮ್ಟನ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ರಾಲ್ಫ್ ಹಾಕಿಂಗ್. 1971ರಲ್ಲಿ ಶುರುವಾದದ್ದು ಬಿಂಗಮ್ಟನ್ನಿನಲ್ಲೇ. ಪೈಕ್ ಮತ್ತು ಆಬೆ ಅಲ್ಲಿಗೂ ಬಂದು ಸಿಂಥಸೈಜರ್ ಕಟ್ಟಿದರು. 1979ರಲ್ಲಿ ಸೆಂಟರು ಒವೀಗೋಗೆ ಬಂತು. ಹಾಕಿಂಗ್ ಮತ್ತು ಶೆರ್ರಿ ಮಿಲ್ಲರ್ ಹಾಕಿಂಗ್ ನಡೆಸಿದ ರೀತಿಯೇ ಬೇರೆ. ಕಲಾವಿದರು ಬಂದು, ಸಾಮಾನ್ಯವಾಗಿ ಐದು ದಿನ ಅಲ್ಲೇ ಉಳಿದು, ಯಂತ್ರಗಳ ನಡುವೆ ತಮ್ಮಷ್ಟಕ್ಕೆ ಕೆಲಸ ಮಾಡಬಹುದಿತ್ತು. ಸ್ಟುಡಿಯೋ ಬಾಡಿಗೆಯ ಗಡಿಯಾರ ಓಡುವಲ್ಲಿ ಇಂಥ ಹುಡುಗಾಟಕ್ಕೆ ಯಾರು ಬಿಡುತ್ತಾರೆ?

ಕಂಪ್ಯೂಟರ್ ಬಂದಾಗ ಸೆಂಟರು ಹಳತನ್ನು ಎಸೆಯಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಕಲರೈಸರ್ ಕಟ್ಟಿದ ಡೇವಿಡ್ ಜೋನ್ಸ್ ಅವರೇ ಚಿತ್ರವನ್ನು ಅಂಕಿಗಳಾಗಿ ಹಿಡಿದಿಡುವ ಫ್ರೇಮ್ ಬಫರನ್ನೂ ರೂಪಿಸಿದರು. ಮುಂದೆ ಅಮಿಗಾ ಕಂಪ್ಯೂಟರುಗಳು ಸೇರಿಕೊಂಡವು. ವಾಬ್ಯುಲೇಟರಿನಲ್ಲಿ ಬಾಗಿದ ಚಿತ್ರವನ್ನು ಡಿಜಿಟಲ್ ಯಂತ್ರಕ್ಕೆ ಉಣಿಸಿ, ಅಲ್ಲಿಂದ ಬಂದದ್ದನ್ನು ಮತ್ತೆ ಕಲರೈಸರಿಗೆ ಕೊಡಬಹುದಿತ್ತು. ಯಾವುದನ್ನು ಯಾವುದಕ್ಕೆ ಜೋಡಿಸಬೇಕೆಂಬುದು ಕೇಬಲ್ ಹಿಡಿದವರ ಇಷ್ಟ.

ನ್ಯೂಯಾರ್ಕ್ ರಾಜ್ಯದ ಕಲಾ ಮಂಡಳಿಯ ಅನುದಾನ ಸೆಂಟರಿಗೆ ಆಸರೆಯಾಗಿತ್ತು. ನಲವತ್ತು ವರ್ಷ ನಡೆದದ್ದೇ ದೊಡ್ಡದು. 2011ರಲ್ಲಿ ಕಲಾವಿದರ ವಾಸ್ತವ್ಯ ನಿಂತಿತು. ವಿಡಿಯೊಗಳ ಸಂಗ್ರಹ ಕಾರ್ನೆಲ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಅದೇ ದಾರಿಯಲ್ಲಿ ಒವೀಗೋದಲ್ಲೇ ಹುಟ್ಟಿದ ಸಿಗ್ನಲ್ ಕಲ್ಚರ್ ಸಂಸ್ಥೆಯೂ ಈಗ ಕೊಲೊರಾಡೋದಲ್ಲಿದೆ.

ಚಿತ್ರ ಅಲೆಯಾಡಬೇಕೆಂದರೆ ಈಗ ಫೋನಿನಲ್ಲೊಂದು ಫಿಲ್ಟರ್ ಒತ್ತಿದರಾಯಿತು. ಅದು ಕೊಡುವುದು ಅದನ್ನು ಬರೆದವರು ಮೊದಲೇ ಯೋಚಿಸಿಟ್ಟ ಅಲೆಯನ್ನು. ಟ್ಯೂಬು ಹಾಗಲ್ಲ, ತಿರುಗಿಸಿದವರಿಗೂ ಮುಂದೇನೆಂದು ಗೊತ್ತಿರುತ್ತಿರಲಿಲ್ಲ. ಸುರುಳಿ ಸುತ್ತಲು ಎಲ್‌ಇಡಿ ಪರದೆಗೆ ಕುತ್ತಿಗೆಯೇ ಇಲ್ಲ. ಇಂದು ಹೊಸದಾಗಿ ವಾಬ್ಯುಲೇಟರ್ ಕಟ್ಟಹೊರಟವರು ಗುಜರಿಯಲ್ಲಿ ಹಳೆಯ ಕಪ್ಪು-ಬಿಳುಪು ಸೆಟ್ಟು ಹುಡುಕಬೇಕು. ಆ ಟ್ಯೂಬಿನ ಮರ್ಮ ಬಲ್ಲ ಮೆಕ್ಯಾನಿಕ್‌ಗಳು ನಮ್ಮೂರುಗಳಲ್ಲೂ ಇದ್ದರು. ಅವರಲ್ಲಿ ಹಲವರದು ಈಗ ಮೊಬೈಲ್ ಅಂಗಡಿ.