ಕೂಸಿನ ಕಿವಿ ಮತ್ತು ಹಿರಿಯರ ಕಂಠ

ಮಗು ಶಾಲೆಯ ಹೊಸ್ತಿಲನ್ನು ದಾಟಿದ ದಿನದಿಂದಲೇ ಶಿಕ್ಷಣ ಆರಂಭವಾಗುತ್ತದೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಆದರೆ ಪಾಶ್ಚಾತ್ಯ ದೇಶಗಳಲ್ಲಿ, ಇನ್ನೂ ಕುಳಿತುಕೊಳ್ಳಲು ಬಾರದ ಕೂಸುಗಳಿಗಾಗಿಯೂ ಸಂಗೀತದ ತರಗತಿಗಳು ನಡೆಯುತ್ತವೆ. ಮಾತೇ ಬಾರದ ಮಗುವಿಗೆ ಸಂಗೀತಪಾಠವೇ, ಅದಕ್ಕೊಂದು ಶುಲ್ಕವೇ ಎಂದು ನಮ್ಮ ಮನೆಗಳ ಹಿರಿಯರು ನಕ್ಕಾರು. ಬೆಂಗಳೂರಿನಂತಹ ಮಹಾನಗರಕ್ಕೂ ಈ ತರಗತಿಗಳು ಕಾಲಿಟ್ಟಿರುವುದರಿಂದ, ನಗುವುದಕ್ಕೆ ಮೊದಲು ಅವುಗಳ ಸ್ವರೂಪವನ್ನು ವಿಚಾರಿಸುವುದು ಲೇಸು. ಹಾಗೆ ವಿಚಾರಿಸಿದಾಗ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಅಲ್ಲಿ ವಿದ್ಯಾರ್ಥಿಯಾಗಿರುವುದು ಕೂಸು ಮಾತ್ರವಲ್ಲ. ಕೂಸನ್ನು ತೊಡೆಯ ಮೇಲೆ ಕುಳ್ಳಿರಿಸಿಕೊಂಡ ಹಿರಿಯರೂ ಹೌದು.

ಪದ್ಧತಿಯ ಮೂಲ

ಈ ಪದ್ಧತಿಯ ಬೇರುಗಳು ಯುರೋಪಿನಲ್ಲಿವೆ. ಸ್ವಿಟ್ಜರ್ಲೆಂಡಿನ ಜಿನೀವಾ ನಗರದ ಸಂಗೀತ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದ ಎಮಿಲ್ ಝಾಕ್-ಡಾಲ್ಕ್ರೋಜ್ (1865–1950) ಅವರಿಗೆ, ತಮ್ಮ ವಿದ್ಯಾರ್ಥಿಗಳು ಸ್ವರಲಿಪಿಯನ್ನು ಓದಬಲ್ಲರೇ ಹೊರತು ಲಯವನ್ನು ಅನುಭವಿಸಲಾರರು ಎಂಬುದು ಮನವರಿಕೆಯಾಯಿತು. ನಡಿಗೆ, ಜಿಗಿತ, ಕೈಗಳ ಚಲನೆ ಇವುಗಳ ಮೂಲಕ ಲಯವನ್ನು ಮೊದಲು ದೇಹಕ್ಕೆ ಕಲಿಸುವ ಕ್ರಮವನ್ನು ಅವರು ರೂಪಿಸಿದರು. ಜರ್ಮನಿಯ ಕಾರ್ಲ್ ಓರ್ಫ್ (1895–1982) ಅವರು 1924ರಲ್ಲಿ ಮ್ಯೂನಿಕ್ ನಗರದಲ್ಲಿ ಡೊರೊಥಿ ಗುಂಟರ್ ಅವರೊಡನೆ ಶಾಲೆಯೊಂದನ್ನು ತೆರೆದು, ಮಾತು, ಹಾಡು, ಕುಣಿತ, ವಾದನಗಳನ್ನು ಒಂದುಗೂಡಿಸಿದರು. ಹಂಗೇರಿಯ ಜೋಲ್ತಾನ್ ಕೊದಾಯ್ (1882–1967) ಅವರು ಮಗುವಿಗೆ ಮಾತೃಭಾಷೆಯಿರುವಂತೆ ಸಂಗೀತದಲ್ಲಿಯೂ ಒಂದು ಮಾತೃಭಾಷೆ ಇರಬೇಕೆಂದೂ, ಅದು ತನ್ನ ನಾಡಿನ ಜನಪದ ಗೀತೆಗಳೇ ಎಂದೂ ಪ್ರತಿಪಾದಿಸಿದರು. ಅವರ ವಿಚಾರವನ್ನು ಆಧರಿಸಿ ಹಂಗೇರಿಯಲ್ಲಿ ‘ರಿಂಗಾತೋ’ ಎಂಬ ತರಗತಿಗಳು ನಡೆಯುತ್ತಿವೆ. ಆ ಶಬ್ದಕ್ಕೆ ತೂಗುವುದು ಎಂಬ ಅರ್ಥವಿದೆ. ತಾಯಂದಿರು ಕೂಸುಗಳನ್ನು ಮಡಿಲಲ್ಲಿರಿಸಿಕೊಂಡು ತಮ್ಮ ನಾಡಿನ ಹಾಡುಗಳನ್ನೇ ಅಲ್ಲಿ ಹಾಡುತ್ತಾರೆ.

ಅಮೆರಿಕೆಯ ನ್ಯೂಜೆರ್ಸಿ ಸಂಸ್ಥಾನದ ಪ್ರಿನ್ಸ್‌ಟನ್‌ನಲ್ಲಿ 1987ರಲ್ಲಿ ಆರಂಭವಾದ ‘ಮ್ಯೂಸಿಕ್ ಟುಗೆದರ್’ ಎಂಬ ಕಾರ್ಯಕ್ರಮ ಈಗ ಅನೇಕ ದೇಶಗಳಿಗೆ ಹಬ್ಬಿದೆ. ವಾರಕ್ಕೊಮ್ಮೆ, ಸುಮಾರು 45 ನಿಮಿಷಗಳ ತರಗತಿ. ಹುಟ್ಟಿದ ಕೂಸಿನಿಂದ ಐದು ವರ್ಷದೊಳಗಿನ ಮಕ್ಕಳು ಒಟ್ಟಿಗೆ ಸೇರುತ್ತಾರೆ. ಎಲ್ಲರೂ ನೆಲದ ಮೇಲೆ ವೃತ್ತಾಕಾರವಾಗಿ ಕುಳಿತು ಸ್ವಾಗತದ ಹಾಡಿನಿಂದ ಆರಂಭಿಸುತ್ತಾರೆ. ಅನಂತರ ತೊಡೆಯ ಮೇಲೆ ಕುಣಿಸುವ ಹಾಡು, ಮಗುವನ್ನೆತ್ತಿಕೊಂಡು ಹೆಜ್ಜೆ ಹಾಕುವ ಹಾಡು, ಗಿಲಕಿ ಮತ್ತು ಪುಟ್ಟ ಡೋಲುಗಳ ವಾದನ, ಜೋಗುಳ, ಕೊನೆಗೆ ಬೀಳ್ಕೊಡುವ ಹಾಡು. ಮಗು ಎದ್ದು ಅಡ್ಡಾಡಿದರೂ, ಮೂಲೆಯಲ್ಲಿ ನಿಂತು ಸುಮ್ಮನೆ ನೋಡಿದರೂ ಗದರಿಸುವವರಿಲ್ಲ. ಆದರೆ ಜೊತೆಗೆ ಬಂದ ಹಿರಿಯರು ಸುಮ್ಮನೆ ಕೂಡುವಂತಿಲ್ಲ, ಹಾಡಲೇಬೇಕು, ಆಡಲೇಬೇಕು. ಈ ನಿಯಮದಲ್ಲಿಯೇ ಪದ್ಧತಿಯ ತಿರುಳು ಅಡಗಿದೆ.

ಸಂಶೋಧನೆ ಹೇಳುವುದೇನು?

ಕೆನಡಾದ ಹ್ಯಾಮಿಲ್ಟನ್ ನಗರದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ಲಾರೆಲ್ ಟ್ರೇನರ್ ಮತ್ತು ಸಂಗಡಿಗರು ಈ ವಿಷಯದಲ್ಲಿ ದೀರ್ಘಕಾಲ ಶ್ರಮಿಸಿದ್ದಾರೆ. 2005ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಏಳು ತಿಂಗಳ ಕೂಸುಗಳಿಗೆ ಒತ್ತಕ್ಷರವೇ ಇಲ್ಲದಂತಹ, ಅಂದರೆ ಎಲ್ಲಿಯೂ ಪೆಟ್ಟು ಎದ್ದು ಕೇಳದ ಲಯವೊಂದನ್ನು ಕೇಳಿಸಲಾಯಿತು. ಕೆಲವು ಕೂಸುಗಳನ್ನು ಪ್ರತಿ ಎರಡನೆಯ ಪೆಟ್ಟಿಗೆ, ಇನ್ನು ಕೆಲವನ್ನು ಪ್ರತಿ ಮೂರನೆಯ ಪೆಟ್ಟಿಗೆ ಎತ್ತಿ ಕುಣಿಸಿದರು. ಆಮೇಲೆ ಎರಡು ಬಗೆಯ ಲಯಗಳನ್ನು ಕೇಳಿಸಿದಾಗ, ತನ್ನ ದೇಹ ಯಾವ ಎಣಿಕೆಗೆ ಕುಣಿದಿತ್ತೋ ಆ ಲಯವನ್ನೇ ಕೂಸು ಹೆಚ್ಚು ಹೊತ್ತು ಆಲಿಸಿತು. ಇತರರು ಕುಣಿಯುವುದನ್ನು ಬರಿದೆ ನೋಡಿದ ಕೂಸುಗಳಲ್ಲಿ ಈ ಒಲವು ಕಾಣಲಿಲ್ಲ. ಕಿವಿಯಿಂದ ಮಾತ್ರವಲ್ಲದೆ ದೇಹದಿಂದಲೂ ಕೂಸು ಲಯವನ್ನು ಕೇಳುತ್ತದೆ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಅದೇ ವಿಶ್ವವಿದ್ಯಾಲಯದಿಂದ 2012ರಲ್ಲಿ ಹೊರಬಂದ ಅಧ್ಯಯನ ನಮಗೆ ಇನ್ನೂ ಮುಖ್ಯವಾದುದು. ಆರು ತಿಂಗಳ ಕೂಸುಗಳನ್ನು ತಂದೆ ಅಥವಾ ತಾಯಿಯೊಡನೆ ಆರು ತಿಂಗಳ ಕಾಲ ವಾರವಾರವೂ ಕರೆಸಲಾಯಿತು. ಒಂದು ಗುಂಪಿನ ಹಿರಿಯರು ಜೋಗುಳ ಮತ್ತು ಆಟದ ಹಾಡುಗಳನ್ನು ತಾವೇ ಕಲಿತು ಮಕ್ಕಳೊಡನೆ ಹಾಡಿದರು. ಮತ್ತೊಂದು ಗುಂಪಿನವರು ಮಕ್ಕಳೊಡನೆ ಆಟಿಕೆಗಳನ್ನಾಡುತ್ತಿದ್ದರೆ ಧ್ವನಿಮುದ್ರಿತ ಸಂಗೀತ ಹಿನ್ನೆಲೆಯಲ್ಲಿ ಕೇಳಿಬರುತ್ತಿತ್ತು. ಎರಡೂ ಕಡೆ ಸಂಗೀತವಿತ್ತು. ಫಲ ಮಾತ್ರ ಬೇರೆಯಾಯಿತು. ಹಿರಿಯರೊಡನೆ ಹಾಡಿ ಆಡಿದ ಮಕ್ಕಳು ಬೇಕಾದುದನ್ನು ಬೆರಳು ಮಾಡಿ ತೋರಿಸುವುದು, ಕೈಬೀಸಿ ಬೀಳ್ಕೊಡುವುದು ಮುಂತಾದ ಸನ್ನೆಗಳಲ್ಲಿ ಮುಂದಿದ್ದರು, ಹೆಚ್ಚು ನಗುತ್ತಿದ್ದರು, ಅತ್ತಾಗ ಸುಲಭವಾಗಿ ಸಮಾಧಾನಗೊಳ್ಳುತ್ತಿದ್ದರು. ಯಂತ್ರದ ಹಾಡು ಕಿವಿಯನ್ನು ಮುಟ್ಟಿತು; ಹೆತ್ತವರ ಹಾಡು ಮಗುವಿನಿಂದ ಉತ್ತರವನ್ನು ಪಡೆಯಿತು.

ಇಷ್ಟನ್ನು ತಿಳಿಯದೆ ಜಗತ್ತು ಒಮ್ಮೆ ಅವಸರಪಟ್ಟಿತ್ತು. ಮೊಟ್ಸಾರ್ಟನ ಸಂಗೀತವನ್ನು ಹತ್ತು ನಿಮಿಷ ಆಲಿಸಿದ ಕಾಲೇಜು ವಿದ್ಯಾರ್ಥಿಗಳು ಒಂದು ಬಗೆಯ ಬುದ್ಧಿಪರೀಕ್ಷೆಯಲ್ಲಿ ಕೆಲವೇ ನಿಮಿಷಗಳ ಮಟ್ಟಿಗೆ ಚುರುಕಾದರೆಂದು 1993ರಲ್ಲಿ ಒಂದು ವರದಿ ಬಂದಿತು. ಅದರಲ್ಲಿ ಕೂಸುಗಳ ಮಾತೇ ಇರಲಿಲ್ಲ. ಆದರೂ 1998ರಲ್ಲಿ ಅಮೆರಿಕೆಯ ಜಾರ್ಜಿಯಾ ಸಂಸ್ಥಾನದ ಗವರ್ನರ್ ಜೆಲ್ ಮಿಲ್ಲರ್ ಅವರು, ಹುಟ್ಟುವ ಪ್ರತಿ ಮಗುವಿಗೂ ಶಾಸ್ತ್ರೀಯ ಸಂಗೀತದ ಧ್ವನಿಮುದ್ರಿಕೆಯನ್ನು ಹಂಚಲು 1,05,000 ಡಾಲರುಗಳನ್ನು ಆಯವ್ಯಯದಲ್ಲಿ ಸೂಚಿಸಿದರು. ಧ್ವನಿಮುದ್ರಿಕೆಯನ್ನು ಹಂಚುವುದು ಸುಲಭ. ಹಾಡುವ ಮಡಿಲನ್ನು ಹಂಚಲಾದೀತೆ?

ನಮ್ಮ ಮನೆಗಳಲ್ಲಿ

ಈ ವಿಚಾರಗಳನ್ನು ಓದುವಾಗ ನಮ್ಮ ಗ್ರಾಮೀಣ ಜೀವನ ಕಣ್ಣೆದುರು ಬಾರದಿರದು. ತೊಟ್ಟಿಲ ಹಗ್ಗವನ್ನು ಎಳೆಯುವ ಕೈಗೂ ಜೋಗುಳ ಹಾಡುವ ಕಂಠಕ್ಕೂ ಒಂದೇ ಲಯ. ಬೀಸುವ ಕಲ್ಲಿನ ಸುತ್ತು ಹಾಡಿಗೆ ತಾಳವಾಗುತ್ತಿತ್ತು. ತಾಯಿಯ ತೊಡೆಯ ಮೇಲೆ ಮಲಗಿದ ಕೂಸಿಗೆ ಆ ಹಾಡೂ ಅಲುಗಾಟವೂ ಒಟ್ಟಿಗೆ ತಲಪುತ್ತಿದ್ದವು. ಚಪ್ಪಾಳೆ ತಟ್ಟಿಸುವ ಆಟ, ಆನೆಯಂತೆ ತೂಗಾಡಿಸುವ ಆಟ ಇವೆಲ್ಲ ಅಜ್ಜಿಯಂದಿರ ಪಾಠಕ್ರಮವೇ ಆಗಿದ್ದವು. ಅವರು ಅದಕ್ಕೆ ಹೆಸರಿಡಲಿಲ್ಲ, ಅಷ್ಟೆ.

ಇಂದಿನ ಸ್ಥಿತಿ ಬೇರೆ. ಬೀಸುವ ಕಲ್ಲು ಅಟ್ಟ ಸೇರಿದೆ. ಅಜ್ಜಿ ಊರಿನಲ್ಲಿ, ಮೊಮ್ಮಗು ನಗರದಲ್ಲಿ. ದಣಿದು ಬಂದ ತಂದೆತಾಯಿಗಳು ಅಳುವ ಮಗುವಿನ ಕೈಗೆ ಮೊಬೈಲನ್ನು ಕೊಡುತ್ತಾರೆ. ಅದು ಹಾಡುತ್ತದೆ, ಮಗು ಕದಲದೆ ನೋಡುತ್ತದೆ. ನಾವು ಅವರನ್ನು ನಿಂದಿಸುವುದಿಲ್ಲ. ಅವರ ಕಷ್ಟ ಅವರಿಗೇ ಗೊತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ನೀಡಿದ ಮಾರ್ಗಸೂಚಿಯನ್ನು ಗಮನಿಸಬೇಕು. ಎರಡು ವರ್ಷ ತುಂಬದ ಮಕ್ಕಳಿಗೆ ಪರದೆಯ ವೀಕ್ಷಣೆ ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು. ಒಂದರಿಂದ ನಾಲ್ಕು ವರ್ಷದ ಮಕ್ಕಳು ದಿನಕ್ಕೆ 180 ನಿಮಿಷಗಳಾದರೂ ಓಡಾಡಿ ಆಡಬೇಕು ಎಂದು ಅದು ಹೇಳುತ್ತದೆ.

ಅನುಕೂಲವಿದ್ದವರು ತರಗತಿಗೆ ಹೋಗಲಿ. ನಗರದಲ್ಲಿ ಒಂಟಿಯಾಗಿ ಮಗುವನ್ನು ಸಾಕುವ ತಾಯಿಗೆ ಅಲ್ಲಿ ಸಂಗಾತಿಗಳೂ ದೊರೆತಾರು. ಆದರೆ ವಾರಕ್ಕೆ 45 ನಿಮಿಷ ಹಾಡಿ, ಉಳಿದ ಆರು ದಿನ ಮನೆ ಮೌನವಾಗಿದ್ದರೆ ಶುಲ್ಕ ವ್ಯರ್ಥ. ಅನುಕೂಲವಿಲ್ಲದವರು ಕೊರಗಬೇಕಾಗಿಲ್ಲ. ಎಣ್ಣೆ ಹಚ್ಚುವಾಗ ಒಂದು ಹಾಡು, ಎರೆಯುವಾಗ ಒಂದು, ಮಲಗಿಸುವಾಗ ಒಂದು. ದಿನವೂ ಅವೇ ಆಗಿರಲಿ. ಮಗು ಬೇಸರಪಡದು, ಪುನರಾವೃತ್ತಿಯೇ ಅದಕ್ಕೆ ಆನಂದ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಹಿಡಿ ಕಾಳು ಹಾಕಿದರೆ ಗಿಲಕಿಯಾಯಿತು. ಕಾಳು ಹೊರಬಿದ್ದು ಮಗುವಿನ ಬಾಯಿ ಸೇರದಂತೆ ಎಚ್ಚರವಿರಲಿ. ಕತ್ತು ನಿಲ್ಲದ ಕೂಸನ್ನು ತಲೆಗೆ ಆಸರೆಕೊಟ್ಟು ಮೆಲ್ಲನೆ ತೂಗಬೇಕು. ಆಟಕ್ಕೆಂದೂ ಜೋರಾಗಿ ಅಲುಗಿಸಬಾರದು, ಮೇಲಕ್ಕೆ ಎಸೆಯಬಾರದು. ಎಷ್ಟು ಹಾಡಿದರೂ ಮಗು ಸದ್ದಿನತ್ತ ತಿರುಗದಿದ್ದರೆ ತಡಮಾಡದೆ ವೈದ್ಯರಿಂದ ಕಿವಿಯನ್ನು ಪರೀಕ್ಷಿಸಿಸಬೇಕು.

ತಮಗೆ ಹಾಡಲು ಬಾರದೆಂದು ಸಂಕೋಚಪಡುವವರು ಅನೇಕರು, ಅದರಲ್ಲಿಯೂ ತಂದೆಯಂದಿರು. ಕೂಸು ಶ್ರುತಿಶುದ್ಧಿಯನ್ನು ಅಳೆಯುವ ವಿಮರ್ಶಕನಲ್ಲ. ಒಂದೇ ಹಾಡನ್ನು ಕೂಸಿನೆದುರು ಹಾಡಿದಾಗಿನ ದನಿಯನ್ನೂ, ಕೂಸಿಲ್ಲದಾಗ ಹಾಡಿದ ದನಿಯನ್ನೂ ಕೇಳಿಸಿದರೆ ಕೂಸುಗಳು ಮೊದಲನೆಯದನ್ನೇ ಹೆಚ್ಚು ಹೊತ್ತು ಆಲಿಸಿದವೆಂದು ಟ್ರೇನರ್ ಅವರು 1996ರಲ್ಲಿಯೇ ತೋರಿಸಿದ್ದಾರೆ.

ಅಮೆರಿಕೆಗೆ ಮೊಮ್ಮಗುವಿನ ಆರೈಕೆಗೆಂದು ತೆರಳುವ ಅಜ್ಜಿಯಂದಿರಿಗೂ ನಮ್ಮದೊಂದು ಮಾತಿದೆ. ಅಲ್ಲಿಯ ತರಗತಿಗೆ ಮಗುವನ್ನು ಕರೆದೊಯ್ಯುವ ಸಂದರ್ಭ ಬಂದರೆ ಭಾಷೆ ಬಾರದೆಂದು ಹಿಂಜರಿಯಬೇಡಿ. ಅಲ್ಲಿಯವರ ಹಾಡಿಗೆ ಚಪ್ಪಾಳೆ ತಟ್ಟಿ. ಮನೆಗೆ ಬಂದು ನಿಮ್ಮ ಊರಿನ ಹಾಡನ್ನು ಹಾಡಿ. ಸೊಸೆಗೂ ಮಗನಿಗೂ ಅದನ್ನು ಕಲಿಸಿಬನ್ನಿ. ನೀವು ವಿಮಾನ ಹತ್ತಿದ ಮೇಲೆಯೂ ಆ ಮಗುವಿಗೆ ಹಾಡುವವರು ಮನೆಯಲ್ಲಿ ಉಳಿದಿರಬೇಕು.