ಸಾಮಾನಿಗೂ ಸಹವಾಸ ದೋಷ

ವಿಮಾನದಲ್ಲಿ ಕೂತಾಗ ತಲೆಯ ಮೇಲಿನ ಆ ಪುಟ್ಟ ಮುಚ್ಚಳವನ್ನು ಒಮ್ಮೆ ನೋಡಿ. ಗಾಳಿಯ ಒತ್ತಡ ಕುಸಿದರೆ ಅದು ತೆರೆದುಕೊಂಡು ಹಳದಿ ಮಾಸ್ಕ್ ಜೋತುಬೀಳುತ್ತದೆ, ಎಳೆದು ಮೂಗಿಗೆ ಹಿಡಿದುಕೊಳ್ಳಿ ಎಂದು ಗಗನಸಖಿ ತೋರಿಸುತ್ತಾರಲ್ಲ, ಅದೇ. ಅದರ ಹಿಂದೆ ಆಮ್ಲಜನಕ ತುಂಬಿದ ಸಿಲಿಂಡರ್ ಇದೆ ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಇಲ್ಲ! ಬಹಳಷ್ಟು ವಿಮಾನಗಳಲ್ಲಿ ಅಲ್ಲಿರುವುದು ಒಂದು ಲೋಹದ ಡಬ್ಬಿ. ಅದರೊಳಗೆ ಸೋಡಿಯಂ ಕ್ಲೋರೇಟ್ ಎಂಬ ಗಟ್ಟಿ ರಾಸಾಯನಿಕ. ಮಾಸ್ಕ್ ಎಳೆದರೆ ಪಿನ್ ಕಳಚುತ್ತದೆ, ಒಂದು ಪುಟ್ಟ ಸುತ್ತಿಗೆ ಆಟದ ಪಿಸ್ತೂಲಿನ ಕೇಪಿನಂಥದ್ದಕ್ಕೆ ಟಕ್ಕೆಂದು ಬಡಿಯುತ್ತದೆ, ಒಳಗಿನ ಸರಕು ಕಾಯ್ದು ಆಮ್ಲಜನಕವನ್ನು ಹೊರಬಿಡತೊಡಗುತ್ತದೆ. ಎಲ್ಲ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿಯುವುದೇನು ಗೊತ್ತೇ? ಬಹುಪಾಲು ಉಪ್ಪು. ನಮ್ಮ ಅಡುಗೆಮನೆಯ ಉಪ್ಪು!

ಈ ಪವಾಡಕ್ಕೆ ಒಂದೇ ಬೆಲೆ: ಕಾವು. ಕೆಲಸ ಮಾಡುವಾಗ ಡಬ್ಬಿಯ ಮೈ 250 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಸೀಟಿನ ಮೇಲೆ ಅದಕ್ಕೊಂದು ಗೂಡಿದೆ, ಕಾವು ತಡೆಯುವ ಕವಚವಿದೆ. ಹಾಗಾಗಿ ಅಲ್ಲಿ ಅದು ಜೀವರಕ್ಷಕ. ಅದೇ ಡಬ್ಬಿಯನ್ನು ಬಿಚ್ಚಿ, ರಟ್ಟಿನ ಪೆಟ್ಟಿಗೆಯಲ್ಲಿ ತುಂಬಿ, ನಮ್ಮ ಕಾಲಡಿಯ ಸರಕಿನ ಕೋಣೆಗೆ ಇಳಿಸಿದರೆ?

1996ರ ಮೇ 11ರಂದು ಅಮೆರಿಕದ ಮಯಾಮಿಯಲ್ಲಿ ನಡೆದದ್ದು ಇದೇ. ಅಟ್ಲಾಂಟಾಕ್ಕೆ ಹೊರಟಿದ್ದ ವ್ಯಾಲ್ಯುಜೆಟ್ 592ರ ಹೊಟ್ಟೆಯೊಳಗೆ ಐದು ಪೆಟ್ಟಿಗೆಗಳು. ದುರಸ್ತಿಗೆ ಬಂದಿದ್ದ ಬೇರೆ ವಿಮಾನಗಳಿಂದ ಬಿಚ್ಚಿದ, ವಾಯಿದೆ ಮುಗಿದ ಡಬ್ಬಿಗಳು. ವಾಯಿದೆ ಮುಗಿದಿತ್ತೇ ಹೊರತು ಒಳಗಿನ ಸರಕು ಮುಗಿದಿರಲಿಲ್ಲ. ಸುತ್ತಿಗೆ ಬಡಿಯದಂತೆ ಪ್ರತಿ ಡಬ್ಬಿಗೂ ಒಂದು ಪ್ಲಾಸ್ಟಿಕ್ ಟೊಪ್ಪಿ ಹಾಕಬೇಕಿತ್ತು. ಚಿಲ್ಲರೆ ಕಾಸಿನ ಟೊಪ್ಪಿ! ಅದು ಕೈಗೆ ಸಿಗಲಿಲ್ಲ. ಹಾಕಿದ್ದೇವೆಂದು ಕೆಲಸದ ಕಾರ್ಡಿಗೆ ಸಹಿ ಮಾತ್ರ ಬಿತ್ತು. ಸರಕಿನ ಚೀಟಿಯ ಮೇಲೆ ‘ಖಾಲಿ’ ಎಂದು ಬರೆದಿತ್ತು. ಪಕ್ಕದಲ್ಲೇ ವಿಮಾನದ ರಬ್ಬರ್ ಟೈರುಗಳು.

ಇಲ್ಲಿಂದ ಮುಂದಿನದನ್ನು ಓದಿ ನಾನು ಪುಸ್ತಕ ಮುಚ್ಚಿ ಸುಮ್ಮನೆ ಕೂತೆ. ಆ ಕಾಲದ ಅಂಥ ಕೋಣೆಗಳಲ್ಲಿ ಹೊಗೆ ಪತ್ತೆಹಚ್ಚುವ ಯಂತ್ರವಿರಲಿಲ್ಲ, ಬೆಂಕಿ ಆರಿಸುವ ವ್ಯವಸ್ಥೆಯೂ ಇರಲಿಲ್ಲ. ಬೇಜವಾಬ್ದಾರಿಯಲ್ಲ, ಅದೇ ಅವುಗಳ ಜಾಣತನ: ಕೋಣೆಯನ್ನು ಗಾಳಿಯಾಡದಂತೆ ಮುಚ್ಚಿದರೆ ಒಳಗೆ ಹೊತ್ತಿದ ಬೆಂಕಿ ಉಸಿರುಗಟ್ಟಿ ತಾನೇ ಸಾಯುತ್ತದೆ. ಎಂಥ ಸರಳ ಲೆಕ್ಕ! ಆದರೆ ಅಂದು ಒಳಗೆ ಕೂತಿದ್ದ ಸರಕು ಯಾವುದು? ಆಮ್ಲಜನಕವೇ. ಬೆಂಕಿ ತನ್ನ ಬುತ್ತಿಯನ್ನು ತಾನೇ ಕಟ್ಟಿಕೊಂಡು ಬಂದಿತ್ತು. ನೆಲ ಬಿಟ್ಟ ಸುಮಾರು ಹತ್ತು ನಿಮಿಷಕ್ಕೆ ವಿಮಾನ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಮುಳುಗಿತು. 110 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಆಮೇಲೆ ತನಿಖೆಯವರು ಅಂಥದೇ ಡಬ್ಬಿ, ಟೈರು ಇಟ್ಟು ಬೆಂಕಿ ಹಚ್ಚಿ ನೋಡಿದಾಗ ಕಾವು 1,000 ಡಿಗ್ರಿ ದಾಟಿತ್ತು.

ಸಹವಾಸ ದೋಷದಿಂದ ಸನ್ಯಾಸಿ ಕೆಟ್ಟ ಅನ್ನುತ್ತೇವಲ್ಲ, ವಿಮಾನದ ಸರಕಿನ ಇಡೀ ಶಾಸ್ತ್ರ ಆ ಗಾದೆಯ ಮೇಲೇ ನಿಂತಂತಿದೆ. ಅಪಾಯ ವಸ್ತುವಿನಲ್ಲಿ ಎಷ್ಟಿದೆಯೋ ಅಷ್ಟೇ ಅದರ ನೆರೆಹೊರೆಯಲ್ಲೂ ಇದೆ. 1973ರ ನವೆಂಬರ್‌ನಲ್ಲಿ ಬಾಸ್ಟನ್‌ನಲ್ಲಿ ಇಳಿಯುತ್ತಾ ಉರುಳಿದ ಪ್ಯಾನ್ ಆಮ್ ಸರಕು ವಿಮಾನವನ್ನು ನೋಡಿ. ನೈಟ್ರಿಕ್ ಆಮ್ಲದ ಸೀಸೆಗಳು ಒಡೆಯದಿರಲೆಂದು ಸುತ್ತ ಮರದ ಹೊಟ್ಟು ತುಂಬಿದ್ದರು. ಎಷ್ಟು ಕಾಳಜಿ! ಆದರೆ ಆಮ್ಲ ಸೋರಿ ಹೊಟ್ಟಿಗೆ ತಾಕಿದರೆ, ಕಡ್ಡಿ ಗೀರುವುದೇ ಬೇಡ, ತಾನಾಗಿ ಹೊತ್ತಿಕೊಳ್ಳುತ್ತದೆ. ಹೊಗೆ ಕಾಕ್‌ಪಿಟ್ಟಿಗೆ ನುಗ್ಗಿ ಮೂವರು ಸತ್ತರು. ಹೊಟ್ಟಿನ ಬದಲು ವರ್ಮಿಕ್ಯುಲೈಟ್ ಇದ್ದಿದ್ದರೆ? ತಾರಸಿ ತೋಟದವರು ಕುಂಡಕ್ಕೆ ಬೆರೆಸುವ ಅದೇ ಹಗುರ ಖನಿಜ, ಅದು ಉರಿಯುವುದಿಲ್ಲ.

ಪಾದರಸದ ಕತೆ ಇನ್ನೂ ವಿಚಿತ್ರ. ನೆಲದ ಮೇಲೆ ಚೆಲ್ಲಿದರೆ ಮುತ್ತಿನಂತೆ ಉರುಳುವ ಆ ಹನಿ ಅಲ್ಯೂಮಿನಿಯಂನ ಕಾವಲು ಪದರದಲ್ಲಿ ಒಂದು ಗೀರು ಕಂಡರೆ ಸಾಕು, ಒಳನುಗ್ಗಿ ಗೆದ್ದಲಿನಂತೆ ಮೇಯುತ್ತದೆ. ಬಹಳಷ್ಟು ವಿಮಾನಗಳ ಮೈಯೇ ಅಲ್ಯೂಮಿನಿಯಂ! ಲೋಹ ತಿನ್ನುವುದು ಪಾದರಸವೊಂದೇ ಅಲ್ಲ: 2000ದಲ್ಲಿ ಬೀಜಿಂಗ್‌ನಿಂದ ಕ್ವಾಲಾಲಂಪುರಕ್ಕೆ ಬಂದ ಒಂದು ಏರ್‌ಬಸ್‌ನಲ್ಲಿ ಬೇರೆ ಹೆಸರಿನ ಚೀಟಿ ಹೊತ್ತ ಆಕ್ಸಾಲಿಲ್ ಕ್ಲೋರೈಡ್ ಎಂಬ ರಾಸಾಯನಿಕ ಸೋರಿತು. ವಿಮಾನ ಸುರಕ್ಷಿತವಾಗಿ ಇಳಿದಿದ್ದರೂ ಮತ್ತೆ ಹಾರಲಿಲ್ಲ.

ಬಲವಾದ ಅಯಸ್ಕಾಂತಕ್ಕೂ ಅಪಾಯಕಾರಿ ಸರಕಿನ ಪಟ್ಟಿಯಲ್ಲಿ ಜಾಗವಿದೆ: 4.6 ಮೀಟರ್ ದೂರದ ದಿಕ್ಸೂಚಿಯನ್ನು 2 ಡಿಗ್ರಿಗಿಂತ ಹೆಚ್ಚು ಹೊರಳಿಸಿದರೆ ಅದಕ್ಕೆ ಪ್ರವೇಶವಿಲ್ಲ. ಲಸಿಕೆ ತಣ್ಣಗಿಡುವ ಡ್ರೈ ಐಸ್ ಕರಗಿ ನೀರಾಗದೆ ನೇರ ಉಸಿರುಗಟ್ಟಿಸುವ ಇಂಗಾಲದ ಡೈಆಕ್ಸೈಡ್ ಆಗುವುದರಿಂದ, ಅದನ್ನು ಕೋಳಿಮರಿಗಳ ಪಕ್ಕ, ಮರಿಯಾಗಲಿರುವ ಮೊಟ್ಟೆಗಳ ಪಕ್ಕ ಇಡುವಂತಿಲ್ಲ. ವಿಮಾನ ಏರುವ ಮುನ್ನ ಇವೆಲ್ಲ ಎಲ್ಲೆಲ್ಲಿ ಕೂತಿವೆಯೆಂದು ಕ್ಯಾಪ್ಟನ್ ಕೈಗೆ ಒಂದು ಚೀಟಿ ಬರುತ್ತದೆ. ಮದುವೆ ಪಂಕ್ತಿಯಲ್ಲಿ ಮಾತು ಬಿಟ್ಟ ನೆಂಟರನ್ನು ದೂರ ದೂರ ಕೂರಿಸುವ ಹಿರಿಯರ ಚಾಕಚಕ್ಯತೆಯೇ ಅದರಲ್ಲೂ ಇದೆ.

ಇಷ್ಟೆಲ್ಲ ಪಾಡೇಕೆ, ಹಡಗಿನಲ್ಲಿ ಕಳಿಸಬಾರದೇ? ಕೆಲವನ್ನು ಕಳಿಸುವಂತೆಯೇ ಇಲ್ಲ. ಆಸ್ಪತ್ರೆಯ ಸ್ಕ್ಯಾನಿಗೆ ಬೇಕಾದ ಟೆಕ್ನಿಷಿಯಂ ಕೊಡುವ ಮಾಲಿಬ್ಡಿನಮ್-99 ಸುಮಾರು 66 ಗಂಟೆಗೆ ಅರ್ಧ ಕರಗಿಹೋಗುತ್ತದೆ. ಹಡಗು ದಡ ಸೇರುವಷ್ಟರಲ್ಲಿ ಪೆಟ್ಟಿಗೆ ಇರುತ್ತದೆ, ಒಳಗೆ ಔಷಧಿ ಇರುವುದಿಲ್ಲ!

ಇನ್ನು ನಮ್ಮೆಲ್ಲರ ಜೇಬಿನ ಲಿಥಿಯಂ. 2010ರ ಸೆಪ್ಟೆಂಬರ್ 3ರಂದು ದುಬೈನಿಂದ ಹೊರಟ ಯುಪಿಎಸ್‌ನ 747 ಸರಕು ವಿಮಾನದಲ್ಲಿ ಸಾವಿರಾರು ಲಿಥಿಯಂ ಬ್ಯಾಟರಿಗಳಿದ್ದವು. ಬೆಂಕಿ ಎದ್ದು, ಮುಂದಿನ ಗಾಜೂ ಕಾಣದಷ್ಟು ಹೊಗೆ ಕಾಕ್‌ಪಿಟ್ಟನ್ನು ತುಂಬಿ, ಇಬ್ಬರು ಪೈಲಟ್‌ಗಳೂ ಸತ್ತರು. 2016ರ ಏಪ್ರಿಲ್ 1ರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹೋಗುವಂತಿಲ್ಲ. ಸರಕು ವಿಮಾನದಲ್ಲೂ ಶೇ. 30ಕ್ಕಿಂತ ಹೆಚ್ಚು ಚಾರ್ಜ್ ಇರುವಂತಿಲ್ಲ. ಅರೆಹೊಟ್ಟೆಯ ಬ್ಯಾಟರಿಗೆ ಸಿಟ್ಟು ಕಡಿಮೆ.

ಹಾಗಿದ್ದರೆ ಪವರ್ ಬ್ಯಾಂಕನ್ನು ಕೆಳಗಿನ ಲಗೇಜಿನಿಂದ ತೆಗೆಸಿ, ನೂರಾರು ಜನ ಕೂತಿರುವ ಕ್ಯಾಬಿನ್ನಿಗೇ ತರಿಸುವುದೇಕೆ? ತಲೆಕೆಳಗಾದ ನಿಯಮ ಎಂದು ನನಗೂ ಅನಿಸಿತ್ತು. ಆದರೆ ಕೆಳಗಿನ ಕೋಣೆಯಲ್ಲಿ ಈಗಿರುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಆರಿಸಬಹುದು, ಒಂದು ಕೋಶದಿಂದ ಇನ್ನೊಂದಕ್ಕೆ ಹಬ್ಬುವ ಕಾವನ್ನು ಇಳಿಸಲಾರದು. ಮೇಲೆ ಹಾಗಲ್ಲ, ವಾಸನೆ ಹಿಡಿಯುವ ಮೂಗುಗಳಿವೆ, ಎದ್ದು ಓಡಿಬರುವ ಕಾಲುಗಳಿವೆ, ಟ್ರಾಲಿಯಲ್ಲಿ ನೀರಿದೆ. ಜ್ವಾಲೆ ಆರಿದ ಮೇಲೆ ಗಗನಸಖಿಯರು ಬ್ಯಾಟರಿಗೆ ನೀರು ಸುರಿಯುತ್ತಲೇ ಇರುತ್ತಾರೆ, ಅದು ಮುಗಿದರೆ ಉರಿಯದ ಬೇರೆ ಪಾನೀಯವಾದರೂ ಸರಿ. ಐಸ್ ಮಾತ್ರ ಹಾಕಬಾರದು. ಅಷ್ಟು ತಣ್ಣನೆಯ ಐಸು ಬ್ಯಾಟರಿಯ ಮೈಮೇಲೆ ಕಂಬಳಿಯಂತೆ ಕವಿದು, ಕಾವನ್ನು ಒಳಗೇ ಹಿಡಿದಿಟ್ಟುಬಿಡುತ್ತದಂತೆ!